ಗುಂಡಿನ ತೂಕ

ಕಳೆದ ಬೇಸಿಗೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸಪೇಟೆಯ ನಮ್ಮ ಮನೆಗೆ ಬಂದಿದ್ದ. ಸೈನ್ಯದಲ್ಲಿರುವವನು; ರಜೆಯ ಮೇಲೆ ಊರಿಗೆ ಬಂದಾಗಲೆಲ್ಲ ಒಮ್ಮೆ ಮುಖ ತೋರಿಸಿ ಹೋಗುವುದು ಅವನ ವಾಡಿಕೆ. ಹಳಗನ್ನಡದ ಪಾಠವೆಂದರೆ ಹಿಂದಿನ ಬೆಂಚನ್ನು ಹುಡುಕುತ್ತಿದ್ದ ಹುಡುಗ, ಅಂದು ಕಾಫಿಯ ಲೋಟವನ್ನು ಕೆಳಗಿಟ್ಟು, “ಗುರುಗಳೆ, ಗ್ರೇನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?” ಎಂದು ಕೇಳಿದ. “ಕಾಳು, ಧಾನ್ಯ” ಎಂದೆ. ಅವನು ನಕ್ಕುಬಿಟ್ಟ. “ಆ ಗ್ರೇನ್ ಅಲ್ಲ, ಗುಂಡನ್ನು ತೂಗುವ ಗ್ರೇನ್” ಎಂದ.

ಅವನಿಂದಲೇ ನನಗೆ ಮೊದಲು ತಿಳಿದ ಸಂಗತಿಯಿದು: ಕೋವಿಯ ಗುಂಡಿಗೆ ಇಂದಿನ ಜಗತ್ತಿನ ಪೇಟೆಗಳಲ್ಲಿ ತೂಕದ ಬೇಡಿಕೆ ಹೆಚ್ಚಿದೆ. ದೂರದ ಗುರಿಯನ್ನು ಹೊಡೆಯುವವರು, ಸೈನಿಕರಾಗಲಿ ಪಂದ್ಯಗಾರರಾಗಲಿ, ಅದೇ ಅಳತೆಯ ನಳಿಕೆಗೆ ಮೊದಲಿಗಿಂತ ಭಾರವಾದ ಗುಂಡನ್ನು ಕೇಳುತ್ತಿದ್ದಾರೆ. ಅದೂ ಎಂಥ ಗುಂಡು? ಒಂದರಂತೆಯೇ ಇನ್ನೊಂದು, ತೂಕದಲ್ಲಿ, ಆಕಾರದಲ್ಲಿ, ಒಳಗಿನ ಮದ್ದಿನ ಪ್ರಮಾಣದಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲದಂತೆ ಮಾಡಿದ್ದು. ಅದಕ್ಕೆ ಇಂಗ್ಲಿಷಿನಲ್ಲಿ ಮ್ಯಾಚ್ ಗ್ರೇಡ್ ಎನ್ನುತ್ತಾರೆ; ಪಂದ್ಯಕ್ಕೆ ತಕ್ಕ ದರ್ಜೆಯದು ಎಂದರ್ಥ. ಸಾಮಾನ್ಯ ತೋಟೆಗಿಂತ ಅದರ ಬೆಲೆ ಎಷ್ಟೋ ಪಾಲು ಹೆಚ್ಚು.

ಹುಡುಗನಿಗೆ ಉತ್ತರವನ್ನು ಕೊಡಬೇಕಲ್ಲ! ಅವನು ಹೋದ ಮೇಲೆ ಒಂದಷ್ಟು ಪುಸ್ತಕಗಳನ್ನು ತಿರುವಿದೆ. ಗ್ರೇನ್ ಎಂಬ ತೂಕ ನಿಜವಾಗಿಯೂ ಧಾನ್ಯದ ತೂಕವೇ. ಬಾರ್ಲಿಯ ಅಥವಾ ಗೋದಿಯ ಒಂದು ಕಾಳಿನ ತೂಕವೆಂದು ಯುರೋಪಿನಲ್ಲಿ ಹುಟ್ಟಿಕೊಂಡ ಮಾನ ಅದು. ಒಂದು ಪೌಂಡಿಗೆ ೭೦೦೦ ಗ್ರೇನ್. ನಮ್ಮ ಲೆಕ್ಕಕ್ಕೆ ಒಂದು ಗ್ರಾಮಿಗೆ ಹದಿನೈದೂವರೆಯ ಹತ್ತಿರ. ಅವರು ಕಾಳಿನಿಂದ ತೂಗಿದರೆ ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ತೂಗಿದರು. ಒಂದು ಗುಲಗಂಜಿ ಸುಮಾರು ಎರಡು ಗ್ರೇನಿನಷ್ಟು. ಬೇಲಿಯ ಬೀಜದಿಂದ ಚಿನ್ನವನ್ನು ತೂಗಿದ ನಾವೂ, ಹೊಲದ ಕಾಳಿನಿಂದ ಸೀಸವನ್ನು ತೂಗಿದ ಅವರೂ ಒಂದೇ ಬುದ್ಧಿಯವರು.

ಇನ್ನು ಭಾರವೇಕೆ ಬೇಕು ಎಂಬುದಕ್ಕೆ ನನಗೆ ಪುಸ್ತಕದ ಅಗತ್ಯ ಬೀಳಲಿಲ್ಲ. ಕಂಪ್ಲಿಯ ಕಡೆಯ ಹಳ್ಳಿಯಲ್ಲಿ ಬೆಳೆದವನು ನಾನು. ಜೋಳ ಹಾಲುಗಟ್ಟುವ ಕಾಲಕ್ಕೆ ಹೊಲದ ನಡುವೆ ಅಟ್ಟಣಿಗೆಯನ್ನು ಕಟ್ಟಿ, ಗಿಳಿವಿಂಡನ್ನು ಹಾರಿಸಲು ನಮ್ಮನ್ನು ಕವಣೆ ಕೊಟ್ಟು ಕೂರಿಸುತ್ತಿದ್ದರು. ಹಿಂದಿನ ದಿನವೇ ಹೊಳೆಗೆ ಹೋಗಿ ಕಲ್ಲುಗಳನ್ನು ಆಯ್ದು ತರಬೇಕು. ತುಂಗಭದ್ರೆ ಉರುಳಿಸಿ ಉರುಳಿಸಿ ನುಣುಪು ಮಾಡಿದ ಕಲ್ಲುಗಳು. ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದರೆ, ನನ್ನ ಸೋದರಮಾವ ಅದನ್ನು ಸುರಿದು ಅರ್ಧಕ್ಕರ್ಧ ಎಸೆಯುತ್ತಿದ್ದ. “ಹಗುರದ ಕಲ್ಲು ಗಾಳಿಯ ಮಾತನ್ನು ಕೇಳುತ್ತದೆ, ತೂಕದ ಕಲ್ಲು ಕೈಯ ಮಾತನ್ನು ಕೇಳುತ್ತದೆ” ಎಂದು ಅವನ ಹೇಳಿಕೆ. ಆದರೆ ತೂಕದ ಕಲ್ಲುಗಳಲ್ಲಿಯೂ ಅವನು ತೀರ ದೊಡ್ಡದನ್ನು ಬಿಡುತ್ತಿದ್ದ. ಅದು ಕವಣೆಯ ಜಾಳಿಗೆಯಲ್ಲಿ ನಿಲ್ಲುವುದಿಲ್ಲ. ಉಳಿದವುಗಳಲ್ಲಿ ಒಂದನ್ನೊಂದು ಹೋಲುವವನ್ನು ಮಾತ್ರ ಒಂದು ಕಡೆ ರಾಶಿ ಹಾಕುತ್ತಿದ್ದ. ಒಂದು ಕಲ್ಲಿಗೆ ತೋಳು ಒಗ್ಗಿದ ಮೇಲೆ ಮುಂದಿನ ಕಲ್ಲೂ ಹಾಗೆಯೇ ಇರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ತೋಳು ಹೊಸದಾಗಿ ಕಲಿಯಬೇಕು. ಪಂದ್ಯದರ್ಜೆ ಎಂದರೆ ಇಷ್ಟೇ. ನಮ್ಮ ಮಾವನಿಗೆ ಆ ಹೆಸರು ಗೊತ್ತಿರಲಿಲ್ಲ.

ಕೋವಿಯ ಗುಂಡಿನಲ್ಲಿಯೂ ಇದೇ ನ್ಯಾಯ. ಅದೇ ವ್ಯಾಸದ ಗುಂಡನ್ನು ಭಾರ ಮಾಡಬೇಕಾದರೆ ಉದ್ದ ಮಾಡಬೇಕು. ಉದ್ದನೆಯ ಭಾರದ ಗುಂಡು ನಳಿಕೆಯಿಂದ ಹೊರಡುವಾಗ ಹಗುರದ ಗುಂಡಿಗಿಂತ ನಿಧಾನ. ಆದರೆ ದಾರಿಯಲ್ಲಿ ತನ್ನ ವೇಗವನ್ನು ಸುಲಭವಾಗಿ ಕಳೆದುಕೊಳ್ಳುವುದಿಲ್ಲ, ಅಡ್ಡಗಾಳಿಗೆ ಅಷ್ಟಾಗಿ ಬಾಗುವುದಿಲ್ಲ. ಅಮೆರಿಕದ ಸೈನಿಕರು ವಿಯೆಟ್ನಾಮಿಗೆ ಒಯ್ದ ೫.೫೬ ಮಿಲಿಮೀಟರಿನ ಗುಂಡು ೫೫ ಗ್ರೇನ್ ತೂಗುತ್ತಿತ್ತು. ೧೯೮೦ರಲ್ಲಿ ನೇಟೋ ರಾಷ್ಟ್ರಗಳು ಒಪ್ಪಿಕೊಂಡದ್ದು ೬೨ ಗ್ರೇನಿನದು. ಅದೇ ನಳಿಕೆಗೆ ಆಮೇಲೆ ಬಂದ ಪಂದ್ಯದರ್ಜೆಯ ಗುಂಡಿನ ತೂಕ ೭೭. ಆದರೆ ಭಾರವನ್ನು ಸುಮ್ಮನೆ ಹೇರಿದರೆ ನಡೆಯದು. ನಳಿಕೆಯ ಒಳಗೆ ಕೊರೆದ ಸುರುಳಿಯ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಉದ್ದನೆಯ ಗುಂಡಿಗೆ ಆ ಸುರುಳಿ ಹೆಚ್ಚು ಬಿಗಿಯಾಗಿರಬೇಕು. ಹಿಂದೆ ಹನ್ನೆರಡು ಅಂಗುಲಕ್ಕೆ ಒಂದು ಸುತ್ತು ಇದ್ದದ್ದು ಈಗ ಏಳು ಅಂಗುಲಕ್ಕೆ ಒಂದು ಸುತ್ತಾಯಿತು. ಗುಂಡು ಬದಲಾದರೆ ಕೋವಿಯೂ ಬದಲಾಗಬೇಕು. ಕೋವಿ ಬದಲಾದರೆ ಅದನ್ನು ಹಿಡಿಯುವ ಭುಜವೂ ಹೊಸ ಪೆಟ್ಟಿಗೆ ಒಗ್ಗಬೇಕು.

(ಎಲ್ಲ ಗುರಿಕಾರರೂ ಭಾರವನ್ನೇ ಕೇಳುತ್ತಾರೆಂದು ವಾಚಕರು ತಿಳಿಯಬಾರದು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ಸ್ವಪ್ನಿಲ್ ಕುಸಾಳೆ ಕಂಚನ್ನು ಗೆದ್ದ ೫೦ ಮೀಟರಿನ ಪಂದ್ಯದಲ್ಲಿ ಗುಂಡಿನ ತೂಕ ಇಂದಿಗೂ ಸುಮಾರು ೪೦ ಗ್ರೇನ್. ಅಲ್ಲಿ ಬೇಡಿಕೆ ಭಾರಕ್ಕಲ್ಲ, ಸಮತೆಗೆ. ಕಾರ್ಖಾನೆಯಿಂದ ಬಂದ ಒಂದೊಂದು ತಂಡದ ತೋಟೆಯನ್ನೂ ತಮ್ಮ ಕೋವಿಯಲ್ಲಿಟ್ಟು ಪರೀಕ್ಷಿಸಿ, ಒಪ್ಪಿದ ತಂಡವನ್ನೇ ಕೊಳ್ಳುತ್ತಾರೆ.)

ಇಷ್ಟನ್ನು ಓದಿಕೊಂಡ ಮೇಲೆ, ಹಂಪೆಯ ಮಗ್ಗುಲಲ್ಲಿ ಬದುಕುವ ನನ್ನಂಥವನಿಗೆ ಒಂದು ಪ್ರಶ್ನೆ ಏಳದೆ ಇರುವುದು ಸಾಧ್ಯವಿರಲಿಲ್ಲ. ಈ ನೆಲದಲ್ಲಿ ಗುಂಡಿನ ತೂಕವನ್ನು, ಗುರಿಯ ಬೆಲೆಯನ್ನು ಯಾರಾದರೂ ಲೆಕ್ಕ ಹಾಕಿದ್ದರೆ? ಹಾಕಿದ್ದರು. ೧೫೨೦ರ ರಾಯಚೂರಿನ ಮುತ್ತಿಗೆಯೇ ಅದರ ಕಥೆ.

ಪೋರ್ಚುಗಲ್ಲಿನ ಕುದುರೆ ವ್ಯಾಪಾರಿ ನೂನಿಜ್ ಅದನ್ನು ಬರೆದಿಟ್ಟಿದ್ದಾನೆ. ೧೯೦೦ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದು ಮರೆತುಹೋಗಿದ್ದ ಸಾಮ್ರಾಜ್ಯವನ್ನು ನಮಗೆ ನೆನಪಿಸಿದ. ಕೃಷ್ಣದೇವರಾಯನ ಸೈನ್ಯ ರಾಯಚೂರಿನ ಕೋಟೆಯ ಬುಡಕ್ಕೆ ಹೋಗಿ ಹಾರೆ ಗುದ್ದಲಿಗಳಿಂದ ಗೋಡೆಯನ್ನು ಕೀಳುತ್ತಿತ್ತು. ಮೇಲಿನಿಂದ ತೋಪು, ಬಾಣ, ಕಲ್ಲುಗಳ ಮಳೆ. ಆಳುಗಳು ಹಿಂಜರಿದಾಗ ದಳವಾಯಿಗಳು ಒಂದು ಉಪಾಯ ಮಾಡಿದರು. ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲನ್ನೂ ಹಣ ಕೊಟ್ಟು ಕೊಂಡರು. ಕಲ್ಲಿನ ಗಾತ್ರ ನೋಡಿ ಬೆಲೆ: ಹತ್ತು ಹಣ, ಇಪ್ಪತ್ತು ಹಣ, ದೊಡ್ಡ ಕಲ್ಲಿಗೆ ಐವತ್ತರವರೆಗೆ. ರಣಾಂಗಣದ ನಡುವೆ ಒಂದು ಸಂತೆ! ಭಾರದ ಕಲ್ಲಿಗೆ ಬೇಡಿಕೆ. ಅದನ್ನು ತರುವವನ ತಲೆಗೆ ಬೆಲೆ ಕಟ್ಟಿದವರಾರು? ನೂನಿಜನ ಈ ವಾಕ್ಯಗಳನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಅಷ್ಟರಲ್ಲಿ ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನು ಬಂದ. ಅವನೂ ಕುದುರೆಗಳನ್ನು ಮಾರಲು ಬಂದವನೇ. ಜೊತೆಗೆ ಇಪ್ಪತ್ತು ಮಂದಿ ಕೋವಿಗಾರರು. ಕೋಟೆಯವರು ಅಂಜಿಕೆಯಿಲ್ಲದೆ ಗೋಡೆಯ ಮೇಲೆ ತಲೆಯೆತ್ತಿ ಓಡಾಡುತ್ತಿದ್ದುದನ್ನು ಅವನು ಕಂಡ. ದೂರದಿಂದ ಒಬ್ಬೊಬ್ಬನನ್ನೇ ಆರಿಸಿ ಹೊಡೆಯುವ ಆಯುಧ ಅವರ ಅನುಭವಕ್ಕೆ ಬಂದಿರಲಿಲ್ಲ. ಫಿಗೆರೆದೊನ ಜನ ಕೆಳಗಿನಿಂದ ಗುರಿಯಿಟ್ಟು ಹೊಡೆಯತೊಡಗಿದರು. ತಲೆಗಳು ಮರೆಯಾದವು, ಗೋಡೆಯ ಬುಡದಲ್ಲಿದ್ದವರಿಗೆ ಬಿಡುವು ಸಿಕ್ಕಿತು. ಏನಾಯಿತೆಂದು ನೋಡಲು ಕೋಟೆಯ ಅಧಿಪತಿಯೇ ಬಾಗಿದಾಗ ಒಂದು ಗುಂಡು ಅವನ ಹಣೆಯ ನಡುವೆ ಹೊಕ್ಕಿತು. ಕೋಟೆ ಶರಣಾಯಿತು. ಅದಕ್ಕೆ ಮೊದಲು ನಡೆದ ಬಯಲು ಕಾಳಗದಲ್ಲಿ ಆದಿಲಶಾಹನಿಂದ ಕೃಷ್ಣದೇವರಾಯನ ಕೈಸೇರಿದ ಭಾರದ ತೋಪುಗಳೇ ನಾಲ್ಕು ನೂರೆಂದು ನೂನಿಜನ ಲೆಕ್ಕ. ತೋಪಿನ ಬಂಡಿಗಳು ಒಂಬೈನೂರು. ಆ ತೋಪುಗಳು ಮಾಡಲಾರದ ಕೆಲಸವನ್ನು ಅಡಿಕೆಯಷ್ಟೂ ಇಲ್ಲದ ಒಂದು ಸೀಸದ ಉಂಡೆ ಮಾಡಿತ್ತು.

ಇಲ್ಲಿ ಶಬ್ದದ ಒಂದು ತೊಡಕನ್ನು ಬಿಡಿಸದೆ ಮುಂದೆ ಹೋಗಲಾರೆ. ಫಿಗೆರೆದೊನ ಕೋವಿಗೆ ಇಂಗ್ಲಿಷಿನಲ್ಲಿ ಮ್ಯಾಚ್‌ಲಾಕ್ ಎನ್ನುತ್ತಾರೆ. ಆ ಮ್ಯಾಚ್ ಎಂದರೆ ಪಂದ್ಯವಲ್ಲ, ಮದ್ದಿಗೆ ಕಿಡಿ ಮುಟ್ಟಿಸುವ ಉರಿಯುವ ಬತ್ತಿ. ಇಂದಿನ ಮ್ಯಾಚ್ ಗ್ರೇಡಿನ ಮ್ಯಾಚ್ ಬೇರೆ. ನಮ್ಮ ಭಾಷೆಯಲ್ಲಿ ಈ ಗೊಂದಲವಿಲ್ಲ, ಬೇರೆ ಸೊಗಸುಗಳಿವೆ. ತುಪಾಕಿ ತುರ್ಕರ ಮಾತಿನಿಂದ ಬಂತು, ಫಿರಂಗಿ ಎಂಬುದು ಫ್ರಾಂಕರ ಹೆಸರು, ಅದೇ ಮನುಷ್ಯನಿಗೂ ತೋಪಿಗೂ ನಿಂತಿತು. ಆದರೆ ಗುಂಡು ನಮ್ಮದೇ. ಗರಡಿಯಲ್ಲಿ ಎತ್ತುವ ಗುಂಡುಕಲ್ಲೂ ಅದೇ. ಮದ್ದೂ ನಮ್ಮದೇ: ಕಾಯಿಲೆಗೆ ಕೊಡುವುದೂ ಮದ್ದು, ಕದ್ದು ಅನ್ನದಲ್ಲಿ ಬೆರೆಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಒಂದೇ ಮಾತಿನಲ್ಲಿ ಮೂರು ಮರಣೋಪಾಯಗಳನ್ನು ಅಡಗಿಸಿದ ಜನ ನಾವು, ವೈದ್ಯರು ಕ್ಷಮಿಸಬೇಕು.

ಗೆದ್ದ ರಾಜ ಏನನ್ನು ಕೊಂಡ? ಕುದುರೆಯನ್ನು. ವಿಜಯನಗರದ ಪೇಟೆಯ ದೊಡ್ಡ ಬೇಡಿಕೆ ಅದು. ಹೋರ್ಮುಜಿನ ಕುದುರೆಗಳನ್ನು ರಾಯರು ವರ್ಷಕ್ಕೆ ಹದಿಮೂರು ಸಾವಿರದಂತೆ ಕೊಳ್ಳುತ್ತಿದ್ದರೆಂದು ನೂನಿಜ್ ಹೇಳುತ್ತಾನೆ. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತಂತೆ. ಕೃಷ್ಣದೇವರಾಯ ಇದನ್ನು ಬಲ್ಲವನು. ತೆಲುಗಿನಲ್ಲಿ ತಾನು ಬರೆದ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ, ಆನೆ ಕುದುರೆಗಳನ್ನು ತರುವ ದೂರದ ವರ್ತಕರನ್ನು ಊರು ಮನೆ ಕೊಟ್ಟು ಮನ್ನಿಸಿ ತನ್ನವರನ್ನಾಗಿ ಮಾಡಿಕೊಳ್ಳಬೇಕು, ಆಗ ಆ ಸರಕು ಶತ್ರುವಿಗೆ ದೊರೆಯದು ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಪೇಟೆಯೇ ಕೋಟೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಂಡ ಕವಿರಾಜ ಇನ್ನೊಬ್ಬನಿಲ್ಲ. ಆದರೂ ಆ ಇಪ್ಪತ್ತು ಮಂದಿಯ ವಿದ್ಯೆಯನ್ನು ತನ್ನ ಸೈನ್ಯದ ಬೆನ್ನೆಲುಬಾಗಿ ಮಾಡಿಕೊಳ್ಳುವ ಕೆಲಸ ವಿಜಯನಗರದಲ್ಲಿ ನಡೆಯಲಿಲ್ಲ. ರಿಚರ್ಡ್ ಈಟನ್ ಎಂಬ ಇತಿಹಾಸಕಾರರು ಈ ಕದನವನ್ನು ಕುರಿತು ಬರೆಯುತ್ತ, ಗೆದ್ದವರಿಗಿಂತ ಸೋತವರೇ ಅದರಿಂದ ಹೆಚ್ಚು ಕಲಿತರೆಂದು ವಾದಿಸಿದ್ದಾರೆ: ಬಿಜಾಪುರ ತನ್ನ ತೋಪುಗಳನ್ನೂ ಬುರುಜುಗಳನ್ನೂ ತಿದ್ದಿಕೊಂಡಿತು, ವಿಜಯನಗರಕ್ಕೆ ಆ ಅಗತ್ಯ ತೋರಲಿಲ್ಲ. ನನಗೂ ಅದು ಸರಿಯೆಂದೇ ಅನಿಸುತ್ತದೆ. ಗೆಲುವಿನಷ್ಟು ಕೆಟ್ಟ ಉಪಾಧ್ಯಾಯ ಇನ್ನೊಬ್ಬನಿಲ್ಲವೆಂಬುದು, ಪರೀಕ್ಷೆಯಲ್ಲಿ ಒಮ್ಮೆ ಮೊದಲ ಸ್ಥಾನ ಪಡೆದ ಹುಡುಗರನ್ನು ಇಪ್ಪತ್ತು ವರ್ಷ ನೋಡಿದ ನನಗೆ ಗೊತ್ತು.

೧೫೪೭ರ ಸೆಪ್ಟೆಂಬರಿನಲ್ಲಿ ಸದಾಶಿವರಾಯನ ಹೆಸರಿನಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದವನ್ನು ನೋಡಿದರೆ ಈ ಪೇಟೆಯ ಎರಡೂ ತಟ್ಟೆಗಳು ಕಾಣುತ್ತವೆ. ಅತ್ತಲಿಂದ ಬರುವುದು ಕುದುರೆ, ಅದು ವಿಜಯನಗರಕ್ಕೆ ಮಾತ್ರ. ಇತ್ತಲಿಂದ ಹೋಗುವುದೇನು? ಕಬ್ಬಿಣ ಮತ್ತು ಪೆಟ್ಲುಪ್ಪು. ಅವು ಬಿಜಾಪುರಕ್ಕೆ ಹೋಗದೆ ಕರಾವಳಿಯ ಬಂದರುಗಳಲ್ಲಿ ಪೋರ್ಚುಗೀಸರಿಗೆ ಸಲ್ಲಬೇಕು. ಪೆಟ್ಲುಪ್ಪೆಂದರೆ ಹಳೆಯ ಊರಿನ ಗೋಡೆಮಣ್ಣು, ಕೊಟ್ಟಿಗೆಯ ಮಣ್ಣನ್ನು ನೀರಿನಲ್ಲಿ ಕರಗಿಸಿ, ಬಸಿದು, ಕಾಯಿಸಿ ಪಡೆಯುವ ಉಪ್ಪು. ಕೋವಿಯ ಮದ್ದಿನ ಮುಕ್ಕಾಲು ಪಾಲು ಅದೇ, ಉಳಿದದ್ದು ಇದ್ದಿಲು ಮತ್ತು ಗಂಧಕ. ಹೀಗೆ ಮದ್ದಿನ ಮುಕ್ಕಾಲನ್ನೂ ಗುಂಡಿನ ಲೋಹವನ್ನೂ ನಾವು ಕಳಿಸಿ ಕುದುರೆಯನ್ನು ತರಿಸಿಕೊಂಡೆವು.

೧೫೬೫ರ ಜನವರಿ ೨೩. ರಕ್ಕಸಗಿ-ತಂಗಡಗಿಯ ಕದನ. ವಿಜಯನಗರದ ಕಡೆಯಲ್ಲಿಯೂ ತೋಪುಗಳಿದ್ದವು, ಬಾಣಗಳಿದ್ದವು, ಇರಲಿಲ್ಲವೆನ್ನುವುದು ತಪ್ಪು. ಆದರೆ ಅಹಮದನಗರದ ತೋಪಿನ ದಳವನ್ನು ಚಲಬಿ ರೂಮಿಖಾನ ಅಣಿಗೊಳಿಸಿದ ಬಗೆಯನ್ನು ಫೆರಿಷ್ತಾ ವರ್ಣಿಸಿದ್ದಾನೆ. ಆರುನೂರು ತೋಪುಗಳು ಮೂರು ಸಾಲಿನಲ್ಲಿ, ಸಾಲಿಗೆ ಇನ್ನೂರು: ಮುಂದೆ ಭಾರದವು, ನಡುವೆ ಮಧ್ಯಮದವು, ಹಿಂದೆ ಹಗುರವಾದ ಜಂಬೂರಗಳು. ಅವನ್ನು ಮರೆಮಾಡಲು ಮುಂಗಡೆ ಎರಡು ಸಾವಿರ ಬಿಲ್ಲಾಳುಗಳು. ತೂಕವನ್ನು ದೂರಕ್ಕೆ ತಕ್ಕಂತೆ ಹಂಚುವುದೆಂದರೆ ಇದು. ರಾಮರಾಯನ ಸೈನ್ಯ ತೀರ ಹತ್ತಿರಕ್ಕೆ ನುಗ್ಗಿದಾಗ ಒಂದೇ ಭಾರದ ಗುಂಡು ಕೆಲಸಕ್ಕೆ ಬಾರದು. ಚದರಿ ಹೊಡೆಯುವ ಚೂರುಗಳು ಬೇಕು. ರೂಮಿಖಾನ ಅದಕ್ಕೂ ಸಿದ್ಧನಾಗಿದ್ದ. ತಾಮ್ರದ ದುಡ್ಡಿನ ಚೀಲಗಳನ್ನು ತರಿಸಿ ಇಟ್ಟಿದ್ದ. ಅವನ್ನು ತೋಪಿನ ಬಾಯಿಗೆ ತುಂಬಿ ಹಾರಿಸಿದರು. ತೋಪುಗಳ ಬಾಯ ಬಳಿಯಲ್ಲಿಯೇ ಐದು ಸಾವಿರ ಜನ ಬಿದ್ದರೆಂದು ಅವನ ಲೆಕ್ಕ.

ದುಡ್ಡು! ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಂಡ, ಸತ್ತ ಕುದುರೆಯ ಬಾಲಕ್ಕೂ ಬೆಲೆಯಿತ್ತ, ಕೋಟೆಯ ಕಲ್ಲನ್ನೂ ಹಣವೆಣಿಸಿ ಕೊಂಡ ರಾಜ್ಯದ ಮೇಲೆ ಕೊನೆಗೆ ಹಾರಿದ ಗುಂಡು ಪೇಟೆಯ ಚಿಲ್ಲರೆ. ಹಂಪೆಯ ವಿಠ್ಠಲನ ಗುಡಿಯಾಚೆ ಹೊಳೆಯ ದಾರಿಯಲ್ಲಿ ರಾಯರ ತಕ್ಕಡಿಯೆಂದು ತೋರಿಸುವ ಕಲ್ಲಿನ ಕಮಾನಿದೆ. ಅರಸರು ತಮ್ಮ ತೂಕಕ್ಕೆ ಸಮನಾಗಿ ಚಿನ್ನವನ್ನು ತೂಗಿ ದಾನ ಮಾಡುತ್ತಿದ್ದ ಸ್ಥಳ. ಅಲ್ಲಿ ನಿಂತಾಗಲೆಲ್ಲ ನನಗೆ ಆ ತಾಮ್ರದ ಚೀಲಗಳು ನೆನಪಾಗುತ್ತವೆ. ಬಿಜಾಪುರದ ಬುರುಜಿನ ಮೇಲೆ ಇಂದಿಗೂ ಮಲಗಿರುವ ಮಲಿಕ್-ಎ-ಮೈದಾನ್ ಆ ಕದನದಲ್ಲಿತ್ತೆಂದು ಪ್ರತೀತಿ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಸುಮಾರು ೫೫ ಟನ್ ಭಾರ. ಅದರ ಬಾಯಿಯ ಸುತ್ತ ಸಿಂಹದ ತಲೆ, ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ. ಅದರ ತಣ್ಣನೆಯ ಮೈಯನ್ನು ಮುಟ್ಟಿ ನೋಡಿದ ಮಕ್ಕಳು ಅದರೊಳಗೆ ತಲೆಯಿಟ್ಟು ಕೂಗುತ್ತಾರೆ.

ಸಂಡೂರಿನ ದಾರಿ ಹಿಡಿದವರಿಗೆ ಕಬ್ಬಿಣದ ಮಾತನ್ನು ಮತ್ತೆ ಹೇಳಬೇಕಾಗಿಲ್ಲ. ಮಣ್ಣು ಕೆಂಪು, ಲಾರಿ ಕೆಂಪು, ದಾರಿಯ ಬೇವಿನೆಲೆಯೂ ಕೆಂಪು. ಕಬ್ಬಿಣವೆಂಬ ಮಾತೇ ಕರಿಯ ಹೊನ್ನು. ನಮ್ಮ ಹಿರಿಯರು ಅದನ್ನು ಹೊನ್ನೆಂದೇ ಕರೆದರು. ಕಮಲಾಪುರದ ಕಮ್ಮಾರರು ಹಿಂದೆ ಕಬ್ಬಿನ ಹಾಲನ್ನು ಕಾಯಿಸುವ ದೊಡ್ಡ ಕೊಪ್ಪರಿಗೆಗಳಿಗೆ ಹೆಸರಾಗಿದ್ದರು. ನಮ್ಮ ಕಾಲದಲ್ಲಿ ಈ ಬೆಟ್ಟಗಳ ಅದಿರು ಅದಿರಾಗಿಯೇ ಬಂದರಿಗೆ ಹೋಯಿತು. ೨೦೧೦ರಲ್ಲಿ ಅಂಕೋಲೆಯ ಬಳಿಯ ಬೇಲೆಕೇರಿಯಿಂದ ಕದ್ದು ಸಾಗಿದ ಅದಿರಿನ ಸುದ್ದಿಯನ್ನೂ, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದುದನ್ನೂ ವಾಚಕರು ಮರೆತಿರಲಾರರು. ಪುನಃ ಕಬ್ಬಿಣ ಪಡುವಣ ಕಡಲಿಗೆ. ೧೫೪೭ರಿಂದ ದಾರಿ ಅಷ್ಟೇನೂ ಬದಲಾಗಿರಲಿಲ್ಲ.

ಹಾಗೆಂದು ಎಲ್ಲವೂ ಹಾಗೆಯೇ ಇದೆಯೆನ್ನಲಾಗದು. ಬಹುಕಾಲ ರಷ್ಯದ ದ್ರಗುನೋವ್ ಕೋವಿಯನ್ನು ನೆಚ್ಚಿದ್ದ ನಮ್ಮ ಸೈನ್ಯ, ಗಡಿಯ ಬೆಟ್ಟಗಳ ಗಾಳಿಯಲ್ಲಿ ದೂರದ ಗುರಿಗೆ ೨೦೧೯ರಿಂದ ಈಚೆಗೆ .೩೩೮ ಲಪುವಾ ಮ್ಯಾಗ್ನಮ್ ಎಂಬ ಭಾರದ ಗುಂಡಿನ ಕೋವಿಗಳನ್ನು ತರಿಸಿಕೊಂಡಿತು. ಇಟಲಿಯ ಬೆರೆಟ್ಟಾ ಮೊದಲು, ಫಿನ್ಲೆಂಡಿನ ಸಾಕೊ ಆಮೇಲೆ. ಲಪುವಾ ಎಂಬುದು ಫಿನ್ಲೆಂಡಿನ ಒಂದು ಊರು. ಆ ಗುಂಡಿನ ತೂಕ ೨೫೦ ಗ್ರೇನ್, ೩೦೦ ಗ್ರೇನ್, ಸಾಮಾನ್ಯ ೭.೬೨ರ ಗುಂಡಿನ ಸುಮಾರು ಎರಡರಷ್ಟು. ಅದೇ ಅಳತೆಗೆ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಸಂಸ್ಥೆ ಸೇಬರ್ ಎಂಬ ಕೋವಿಯನ್ನು ತಾನೇ ರೂಪಿಸಿತು. ೨೦೨೪ರಲ್ಲಿ ಅದಕ್ಕೆ ಹೊರದೇಶದ ಬೇಡಿಕೆ ಬಂದ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಫಿಗೆರೆದೊ ಇತ್ತ ಬಂದ ಐನೂರು ವರ್ಷಗಳ ಮೇಲೆ ಕನ್ನಡನಾಡಿನ ಕೋವಿ ಅತ್ತ ಹೋಗುವುದನ್ನು ಓದಿ ನನಗೆ ಸಂತೋಷವಾಯಿತೆ? ಆಯಿತು. ಆ ಗುಂಡು ಯಾರ ಹಣೆಯನ್ನು ಹುಡುಕುತ್ತದೆಂದು ಯೋಚಿಸುವವರೆಗೆ.

ಇದನ್ನೆಲ್ಲ ಆ ಹುಡುಗನಿಗೆ ಹೇಳುವ ಅವಕಾಶ ಸಿಕ್ಕಿದ್ದು ಅವನು ಮರಳಿ ಹೊರಡುವ ದಿನ, ಹೊಸಪೇಟೆಯ ರೈಲುನಿಲ್ದಾಣದಲ್ಲಿ. ಅವನ ತಾಯಿ ಬುತ್ತಿಯ ಗಂಟನ್ನು ಕೈಯಿಂದ ಕೈಗೆ ಬದಲಾಯಿಸುತ್ತ ದೂರದಲ್ಲಿ ನಿಂತಿದ್ದರು. ರಾಯಚೂರಿನ ಕಲ್ಲಿನ ಸಂತೆಯ ಮಾತು ಬಂದಾಗ ಅವನು, “ಐವತ್ತು ಹಣದ ಕಲ್ಲನ್ನು ತಂದವನು ಹಣ ತೆಗೆದುಕೊಳ್ಳಲು ಉಳಿಯುತ್ತಿದ್ದನೆ?” ಎಂದು ಕೇಳಿದ. ನೂನಿಜ್ ಅದನ್ನು ಬರೆದಿಲ್ಲವೆಂದೆ. ಆಮೇಲೆ ಜೇಬಿನಲ್ಲಿ ತಂದಿದ್ದ ಗುಲಗಂಜಿಯ ಒಂದು ಕಾಳನ್ನು ಅವನ ಅಂಗೈಗೆ ಹಾಕಿ, “ನಿನ್ನ ಗ್ರೇನಿಗೆ ಕನ್ನಡ, ಅರ್ಧ ಕಾಳು ಒಂದು ಗ್ರೇನ್” ಎಂದೆ. ಅವನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದ. “ನಮ್ಮದು ನೂರೈವತ್ತು ಗುಲಗಂಜಿಯ ಮೇಲಾಯಿತು, ಗುರುಗಳೆ. ನಮ್ಮವ್ವನ ತಾಳಿ ಅಷ್ಟು ತೂಗುವುದಿಲ್ಲ” ಎಂದು ಕಾಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ತಾಯಿಯ ಕೈಯಿಂದ ಬುತ್ತಿಯನ್ನು ತೆಗೆದುಕೊಳ್ಳಲು ಹೋದ.